ಮೇಷ್ಟ್ರು ನಿಂತ ಜಾಮೀನು

ಕನ್ನಡದ ಓದುಗರ ನಡುವೆ ‘ಕಷ್ಟದ ಕಾದಂಬರಿ’ ಎಂಬ ಮಾತು ಬಂದಾಗ ಅದು ಬಹುಮಟ್ಟಿಗೆ ಭಾಷೆಯ ಕಷ್ಟವನ್ನೋ ಕಟ್ಟಡದ ಕಷ್ಟವನ್ನೋ ಸೂಚಿಸುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುನುಡಿಯನ್ನು ಅದರ ಉಸಿರಿನ ಸಮೇತ ಪುಟಕ್ಕೆ ತಂದದ್ದರಿಂದ ದೂರದ ಜಿಲ್ಲೆಗಳ ಓದುಗರಿಗೆ ಕಷ್ಟವೆನಿಸಿತು. ಯಶವಂತ ಚಿತ್ತಾಲರ ‘ಶಿಕಾರಿ’ ಮುಂಬಯಿಯ ಕಂಪನಿ ಬದುಕಿನಲ್ಲಿ ಬೇಟೆಗೆ ಗುರಿಯಾದವನೊಬ್ಬನ ಮನಸ್ಸಿನ ಸುಳಿಯನ್ನು ಬಿಟ್ಟು ಹೊರಬರಲೊಲ್ಲದ್ದರಿಂದ ಕಷ್ಟವೆನಿಸಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಯಾರೊಬ್ಬರನ್ನೂ ನಾಯಕಪಟ್ಟಕ್ಕೆ ಏರಿಸದೆ ಹತ್ತಾರು ಬಾಳುಗಳನ್ನು ಒಂದೇ ಮಲೆಯಲ್ಲಿ ಹೆಣೆದದ್ದರಿಂದ, ಒಂದೇ ಎಳೆ ಹಿಡಿದು ನಡೆಯುವ ಅಭ್ಯಾಸದವರಿಗೆ ಕಷ್ಟವೆನಿಸಿತು. ಆದರೆ ಭಾಷೆ ಸಲೀಸಾಗಿದ್ದು, ಕಥೆ ಓಟವಾಗಿದ್ದು, ಪಾತ್ರಗಳು ಪಕ್ಕದ ಮನೆಯವರಷ್ಟು ಪರಿಚಿತರಾಗಿದ್ದು, ಆದರೂ ಓದಿ ಮುಗಿಸಿದವನ ಕೈಗೆ ಯಾವ ತೀರ್ಪನ್ನೂ ಕೊಡದೆ ಹೋಗುವ ಇನ್ನೊಂದು ಬಗೆಯ ಕಷ್ಟವುಂಟು. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳ ಸರಣಿ ಈ ಎರಡನೆಯ ಬಗೆಗೆ ಸೇರುತ್ತದೆ. ಅದನ್ನು ಕುರಿತು ಓದುಗರು ಅರ್ಧಶತಮಾನಕ್ಕೂ ಮೀರಿ ಒಮ್ಮತಕ್ಕೆ ಬಾರದಿರುವುದಕ್ಕೆ ಕಾರಣವನ್ನು ಅದರ ಜನಪ್ರಿಯತೆಯಲ್ಲಿ ಹುಡುಕುವುದಕ್ಕಿಂತ ಈ ಕಷ್ಟದಲ್ಲಿ ಹುಡುಕುವುದೇ ಸರಿಯಾದ ದಾರಿ.

ಬೆಳೆಯುವ ವಯಸ್ಸಿನವನೊಬ್ಬನು ಮನೆ, ಶಾಲೆ, ಗೆಳೆತನ, ಪ್ರೀತಿ, ಅವಮಾನಗಳನ್ನು ಹಾದು ಬಂದು ಕೊನೆಗೆ ಲೋಕದಲ್ಲಿ ತನ್ನದೆನ್ನಬಹುದಾದ ಒಂದು ನೆಲೆಯನ್ನು ಕಂಡುಕೊಳ್ಳುವ ಕಥೆಯನ್ನು ಜರ್ಮನ್ ಸಾಹಿತ್ಯದಲ್ಲಿ ‘ಬಿಲ್ಡುಂಗ್ಸ್‌ರೋಮಾನ್’ ಎಂದು ಕರೆದರು. ‘ಬಿಲ್ಡುಂಗ್’ ಎಂದರೆ ರೂಪುಗೊಳ್ಳುವಿಕೆ, ‘ರೋಮಾನ್’ ಎಂದರೆ ಕಾದಂಬರಿ. ಕನ್ನಡದಲ್ಲಿ ಅದನ್ನು ‘ಬೆಳವಣಿಗೆಯ ಕಾದಂಬರಿ’ ಎನ್ನಬಹುದು. ಈ ಪ್ರಕಾರದ ಮೂಲಮಾದರಿಯೆಂದು ಎಣಿಸಲಾಗುವ, 1795-96ರಲ್ಲಿ ಪ್ರಕಟವಾದ ಗಯಟೆಯ ವಿಲ್‌ಹೆಲ್ಮ್ ಮೈಸ್ಟರನ ಕಥೆಯಲ್ಲಿ ಹಿರಿಯರ ಒಂದು ಗುಪ್ತ ಮಂಡಳಿ ಮರೆಯಲ್ಲಿ ನಿಂತು ತರುಣನ ಹೆಜ್ಜೆಗಳನ್ನು ಗಮನಿಸುತ್ತದೆ, ಅವನು ಎಡವಲು ಬಿಡುತ್ತದೆ, ಆದರೆ ಕೈಬಿಡುವುದಿಲ್ಲ. ಹಿರಿಯರ ವಿವೇಕ ಕೊನೆಗೆ ಫಲಿಸುತ್ತದೆಂಬ ಭರವಸೆ ಆ ಪ್ರಕಾರದ ಅಡಿಗಲ್ಲಿನಲ್ಲೇ ಇದೆ. ಕನ್ನಡದಲ್ಲಿ 1936ರ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ, ಕಾರಂತರ ‘ಮರಳಿ ಮಣ್ಣಿಗೆ’ಯ ರಾಮ, 1961ರಲ್ಲಿ ಬಂದ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ಯ ಗೌರೀಶ ಬೇರೆ ಬೇರೆ ರೀತಿಯಲ್ಲಿ ಇದೇ ದಾರಿಯ ಪಯಣಿಗರು. ತ.ರಾ.ಸು. ಅವರ ರಾಮಾಚಾರಿಯೂ ಈ ಬಳಗದವನೇ, ಆದರೆ ಅವನ ಕಥೆಯಲ್ಲಿ ಹಿರಿಯರ ವಿವೇಕ ಫಲಿಸುವುದಿಲ್ಲ. ಅದಕ್ಕಿಂತಲೂ ಸಂಕಟದ ಸಂಗತಿಯೆಂದರೆ, ಅವನನ್ನು ಎಲ್ಲರಿಗಿಂತ ಹೆಚ್ಚಾಗಿ ಪ್ರೀತಿಸಿದ ಹಿರಿಯನ ವಿವೇಕವೇ ಅವನ ಬಾಳನ್ನು ಮುರಿಯುತ್ತದೆ.

ಈ ಕಾದಂಬರಿಯ ಬಗ್ಗೆ ದಾವಣಗೆರೆಯ ಮಂಡಿಪೇಟೆಯಿಂದ ಹೊರಟು ಯೋಚಿಸುವುದಕ್ಕೆ ಕಾರಣವಿದೆ. ತ.ರಾ.ಸು. 1920ರ ಏಪ್ರಿಲ್ 21ರಂದು ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ತಂದೆ ರಾಮಸ್ವಾಮಯ್ಯನವರು ಹರಿಹರದಲ್ಲಿ ವಕೀಲರು. ಮನೆತನದ ಮೂಲ ಚಳ್ಳಕೆರೆಯ ಕಡೆಯ ತಳುಕು, ಅವರ ಬರವಣಿಗೆಯ ನೆಲ ಚಿತ್ರದುರ್ಗ. ಹುಟ್ಟು ಮಾತ್ರ ತುಂಗಭದ್ರೆಯ ಈ ದಡದ್ದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳೆಲ್ಲ ಚಿತ್ರದುರ್ಗ ಜಿಲ್ಲೆಯವೇ ಆಗಿದ್ದವು. ಆದ್ದರಿಂದ ಹಳೆಯ ತಲೆಮಾರಿನ ಓದುಗರಿಗೆ ರಾಮಾಚಾರಿ ಬೇರೆ ಊರಿನ ಹುಡುಗನಲ್ಲ. ಕಚೇರಿ ಕೆಲಸಕ್ಕೆಂದು ಹೋಗಿ ಬರುತ್ತಿದ್ದ ಜಿಲ್ಲಾ ಕೇಂದ್ರದ ಹುಡುಗ, ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರು ಆಚೆಗೆ ಕಲ್ಲುಕೋಟೆಯ ನೆರಳಿನಲ್ಲಿ ಬೆಳೆದವನು.

ಕೋಟೆಯ ಊರಿಗೂ ಪೇಟೆಯ ಊರಿಗೂ ಒಂದು ಹಳೆಯ ನಂಟಿದೆ. 1779ರಲ್ಲಿ ಹೈದರಾಲಿ ಮದಕರಿನಾಯಕನ ದುರ್ಗವನ್ನು ಹಿಡಿದ. ಅದೇ ಹೈದರಾಲಿ ದಾವಣಗೆರೆಯನ್ನು ಮರಾಠಾ ಸರದಾರನೊಬ್ಬನಿಗೆ ಜಹಗೀರಾಗಿ ಕೊಟ್ಟ, ಆ ಸರದಾರ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ದುರ್ಗ ಅಸ್ತಮಿಸಿದ ಕಾಲದ ಆಸುಪಾಸಿನಲ್ಲೇ ಪೇಟೆ ಕಣ್ಣು ಬಿಟ್ಟಿತೆನ್ನಬಹುದು. ಮುಂದೆ ಹತ್ತಿಯ ಮಿಲ್ಲುಗಳು ಬಂದು ಊರು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತು, ಮಿಲ್ಲುಗಳ ಸದ್ದಡಗಿದ ಮೇಲೆ ಮೆಕ್ಕೆಜೋಳದ ವಹಿವಾಟು ಬೆಳೆಯಿತು, ಸಗಟು ವ್ಯಾಪಾರದ ಬಹುಪಾಲು ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣಕ್ಕೆ ಸರಿಯಿತು. ಆದರೂ ಮಂಡಿಪೇಟೆಯ ಹೆಸರು ಉಳಿದಿದೆ. ‘ಮಂಡಿ’ ಎಂದರೆ ರೈತ ತಂದ ಮಾಲು ಖರೀದಿದಾರನ ಕೈಗೆ ಹೋಗುವ ಮುನ್ನ ಇಳಿಯುವ ಅಂಗಡಿ. ಅಲ್ಲಿ ಕೂರುವ ದಲಾಲ ಮಾಲಿನ ಒಡೆಯನೂ ಅಲ್ಲ, ಕೊಳ್ಳುವವನೂ ಅಲ್ಲ. ಎರಡು ಪಕ್ಷಗಳ ನಂಬಿಕೆಯನ್ನೂ ಹೊತ್ತು ನಡುವೆ ನಿಂತವನು. ದುರ್ಗದ ಕಥೆಯನ್ನು ಈ ಪೇಟೆಯ ಜನ ಓದಿದಾಗ ಕೋಟೆಯ ಮೌಲ್ಯಗಳಾದ ಛಲ, ಮಾನ, ಗುರುಭಕ್ತಿಗಳ ಜೊತೆಗೆ ಪೇಟೆಯ ಮೌಲ್ಯಗಳಾದ ಮಾತು, ವಾಯಿದೆ, ಜಾಮೀನುಗಳೂ ಓದಿನೊಳಕ್ಕೆ ಬರುತ್ತವೆ. ಈ ಪ್ರಬಂಧದ ಮುಖ್ಯ ಮಾತು ಅದಕ್ಕೇ ಸಂಬಂಧಿಸಿದ್ದು. ಅದಕ್ಕೆ ಮುಂಚೆ ಸಿನಿಮಾದ ವಿಷಯವನ್ನು ಮುಗಿಸಬೇಕು, ಏಕೆಂದರೆ ಅದನ್ನು ದಾಟದೆ ಈ ಕಾದಂಬರಿಯ ಬಳಿಗೆ ಹೋಗುವ ದಾರಿ ಈಗ ಉಳಿದಿಲ್ಲ.

ಎಸ್.ಆರ್. ಪುಟ್ಟಣ್ಣ ಕಣಗಾಲರು ಮೂರು ಕಾದಂಬರಿಗಳನ್ನು ಒಂದೇ ಚಿತ್ರಕಥೆಯಾಗಿ ಬೆಸೆದು ನಿರ್ದೇಶಿಸಿದ ‘ನಾಗರಹಾವು’ 1972ರ ಡಿಸೆಂಬರಿನ ಕೊನೆಯಲ್ಲಿ ತೆರೆಗೆ ಬಂತು. ತ್ರಿವೇಣಿಯವರ ‘ಬೆಳ್ಳಿಮೋಡ’ ಮತ್ತು ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಗಳನ್ನು ಅದಾಗಲೇ ಚಿತ್ರವಾಗಿಸಿದ್ದ ಪುಟ್ಟಣ್ಣ ಕಾದಂಬರಿಯನ್ನು ಪರದೆಗೆ ತರುವುದರಲ್ಲಿ ಪಳಗಿದವರು. ಸಂಪತ್‌ಕುಮಾರ್ ಎಂಬ ತರುಣ ವಿಷ್ಣುವರ್ಧನ್ ಎಂಬ ಹೆಸರಿನಲ್ಲಿ ರಾಮಾಚಾರಿಯಾದ, ಅಂಬರೀಶ್ ಜಲೀಲನಾಗಿ ಮೊದಲ ಬಾರಿಗೆ ತೆರೆಗೆ ಬಂದರು, ಕೆ.ಎಸ್. ಅಶ್ವತ್ಥ್ ಚಾಮಯ್ಯ ಮೇಷ್ಟ್ರಾದರು, ಲೀಲಾವತಿ ಮೇಷ್ಟ್ರ ಹೆಂಡತಿ ತುಂಗಮ್ಮನಾದರು, ಆರತಿ ಅಲಮೇಲುವಾದರು, ಶುಭಾ ಮಾರ್ಗರೆಟ್ ಆದರು. ಚಿತ್ರದುರ್ಗದ ಬಂಡೆಗಳೇ ಚಿತ್ರದ ಇನ್ನೊಂದು ಪಾತ್ರವಾದವು. ಹಿಂದಿ, ತಮಿಳು, ತೆಲುಗುಗಳಲ್ಲಿ ಅದು ಮತ್ತೆ ತಯಾರಾಯಿತು. 2014ರಲ್ಲಿ ಬಂದ ಇನ್ನೊಂದು ಕನ್ನಡ ಚಿತ್ರದ ನಾಯಕನಿಗೆ ರಾಮಾಚಾರಿಯೇ ಆದರ್ಶ. 2018ರಲ್ಲಿ ಮೂಲ ಚಿತ್ರವೇ ಹೊಸ ತಂತ್ರಜ್ಞಾನದ ಮೆರುಗಿನೊಡನೆ ಮತ್ತೆ ಚಿತ್ರಮಂದಿರಗಳಿಗೆ ಬಂತು. ಕಾದಂಬರಿಯೊಂದಕ್ಕೆ ಇಷ್ಟು ದೊಡ್ಡ ನೆರಳು ಬಿದ್ದ ಉದಾಹರಣೆ ಕನ್ನಡದಲ್ಲಿ ವಿರಳ.

ತ.ರಾ.ಸು. ಮಾತ್ರ ಈ ಚಿತ್ರವನ್ನು ಒಪ್ಪಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವು ಮಾಡಿದರೆಂಬ ಅರ್ಥದ ಅವರ ಮಾತು ಇಂದಿಗೂ ಸಾಹಿತ್ಯ-ಸಿನಿಮಾಗಳ ಸಂಬಂಧದ ಚರ್ಚೆ ಬಂದಾಗಲೆಲ್ಲ ನೆನಪಿಗೆ ಬರುತ್ತದೆ. ಚಿತ್ರವನ್ನು ಎದೆಗಪ್ಪಿಕೊಂಡ ಜನಕ್ಕೆ ಆ ಮಾತು ನೋವುಂಟುಮಾಡಿತು. ಇಷ್ಟು ಒಳ್ಳೆಯ ಚಿತ್ರವನ್ನು ಲೇಖಕನೇ ಹೀಗೆ ತಳ್ಳಿಹಾಕಬಹುದೇ ಎಂದು ಕೇಳಿದವರೂ ಉಂಟು, ಲೇಖಕನ ಹಕ್ಕು ಲೇಖಕನದು ಎಂದವರೂ ಉಂಟು. ಆದರೆ ಆ ಹೋಲಿಕೆಯನ್ನು ಕೋಪದ ಮಾತೆಂದು ಬದಿಗಿಡದೆ ಅದರ ಒಳಗನ್ನು ನೋಡುವುದು ಉಪಯುಕ್ತ. ಕೇರೆಹಾವಿಗೆ ವಿಷವಿಲ್ಲ. ಕಾಳಿನ ಚೀಲಗಳು ಪೇರಿಸಿರುವಲ್ಲಿ ಇಲಿ ಹಿಡಿದು ಉಪಕಾರ ಮಾಡುವ ಅದನ್ನು ಬಲ್ಲ ರೈತ ಹೊಡೆಯುವುದಿಲ್ಲ. ನಾಗರವಾದರೋ ಪೂಜೆಗೂ ಭಯಕ್ಕೂ ಒಟ್ಟಿಗೇ ಪಾತ್ರವಾದದ್ದು. ಪಂಚಮಿಯ ದಿನ ಕಲ್ಲಿಗೆ ಹಾಲೆರೆಯುವ ಕೈಯೇ ಅಂಗಳದಲ್ಲಿ ಅದು ಹೆಡೆಯೆತ್ತಿದರೆ ಕೋಲು ಹುಡುಕುತ್ತದೆ. ಲೇಖಕನ ದೃಷ್ಟಿಯಲ್ಲಿ ರಾಮಾಚಾರಿಯ ಸಿಟ್ಟು ಊರಿಗೆ ನಿಜವಾಗಿಯೂ ಅಪಾಯಕಾರಿಯಾದದ್ದು, ಊರಿನ ನಡೆನುಡಿಯ ಬುಡವನ್ನೇ ಪ್ರಶ್ನಿಸುವಂಥದ್ದು. ಆ ಸಿಟ್ಟು ಪರದೆಯ ಮೇಲೆ ನಡಿಗೆಯ ಗತ್ತಾಗಿ, ಕಣ್ಣಿನ ಕಿಡಿಯಾಗಿ, ಎಲ್ಲರೂ ಮೆಚ್ಚಿ ಅನುಕರಿಸಬಹುದಾದ ಶೈಲಿಯಾಗಿ ಮಾರ್ಪಟ್ಟಾಗ ಅದರ ವಿಷ ಇಳಿದುಹೋಯಿತೆಂಬುದು ಆಕ್ಷೇಪದ ತಿರುಳಿರಬೇಕು. ಜನ ರಾಮಾಚಾರಿಯನ್ನು ಪ್ರೀತಿಸಿದ ಪ್ರಮಾಣವನ್ನು ನೋಡಿದರೆ ಈ ಆಕ್ಷೇಪದಲ್ಲಿ ಹುರುಳಿದೆಯೆನಿಸುತ್ತದೆ: ಕಥೆಯೊಳಗಿನ ಊರು ಅವನನ್ನು ಸಹಿಸಲಿಲ್ಲ, ಕಥೆಯ ಹೊರಗಿನ ಊರುಗಳೆಲ್ಲ ಅವನನ್ನು ಹೆಗಲ ಮೇಲೆ ಹೊತ್ತವು, ಮತ್ತು ಹಾಗೆ ಹೊತ್ತವರು ತಮ್ಮ ಮನೆಯ ರಾಮಾಚಾರಿಗಳ ವಿಷಯದಲ್ಲಿ ಕಥೆಯೊಳಗಿನ ಊರಿನಂತೆಯೇ ನಡೆದುಕೊಂಡರು.

ಆದರೂ ಪುಟ್ಟಣ್ಣನವರ ಪಕ್ಷದಲ್ಲಿ ಹೇಳಬೇಕಾದ ಒಂದು ಮಾತಿದೆ. ಮೂರು ಪುಸ್ತಕಗಳಲ್ಲಿ ಹರಡಿಕೊಂಡ ಬೆಳವಣಿಗೆಯನ್ನು ಮೂರು ತಾಸಿನ ಒಳಗೆ ತರಲು ಹೊರಟವನಿಗೆ ಕಾಲವೇ ಮೊದಲ ಅಡ್ಡಿ. ಬೆಳೆಯುವುದೆಂದರೆ ಕಾಲ ಕಳೆಯುವುದು, ಕಾದಂಬರಿಗೆ ಅದು ಪುಟಗಳ ರೂಪದಲ್ಲಿ ಧಾರಾಳವಾಗಿ ಸಿಗುತ್ತದೆ, ಸಿನಿಮಾಕ್ಕೆ ಸಿಗುವುದಿಲ್ಲ. ಹೀಗಾಗಿ ಚಿತ್ರವನ್ನು ಮೊದಲು ನೋಡಿ ಆಮೇಲೆ ಪುಸ್ತಕ ಹಿಡಿದವರು ಸಾಮಾನ್ಯವಾಗಿ ಎರಡು ಬಗೆಯ ನಿರಾಸೆಯನ್ನು ಹೇಳಿಕೊಳ್ಳುತ್ತಾರೆ. ಹಾಡುಗಳಿಲ್ಲ, ಒನಕೆ ಓಬವ್ವನ ರೋಮಾಂಚವಿಲ್ಲ, ಕಥೆ ನಿಧಾನವಾಯಿತು ಎನ್ನುವವರು ಕೆಲವರು. ಚಿತ್ರ ಇಷ್ಟೊಂದನ್ನು ಬಿಟ್ಟಿತೇ ಎಂದು ಚಿತ್ರದ ಮೇಲೆಯೇ ಮುನಿಸಿಕೊಳ್ಳುವವರು ಇನ್ನು ಕೆಲವರು. ಒಂದು ಕಾಲಕ್ಕೆ ಕನ್ನಡದ ಪಟ್ಟಣಗಳಲ್ಲಿ ದಿನದ ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಈ ಎರಡೂ ಬಗೆಯ ಓದುಗರನ್ನು ಸಾಕಿದವು. ಪುಸ್ತಕವನ್ನು ನಾಳೆಯೊಳಗೆ ಹಿಂತಿರುಗಿಸಬೇಕೆಂಬ ಅವಸರದಲ್ಲಿ ಓದುವವನಿಗೆ ಕಥೆ ದಕ್ಕುತ್ತದೆ, ಕಥೆಯ ನಡುವಣ ಹಿಂಜರಿಕೆಗಳು ದಕ್ಕುವುದು ಕಷ್ಟ. ಈ ಕಾದಂಬರಿಯಲ್ಲಿ ಹಿಂಜರಿಕೆಗಳೇ ಮುಖ್ಯ.

ವಿಮರ್ಶಕರ ವಿಷಯವನ್ನು ಹೆಚ್ಚು ಬೆಳೆಸಬೇಕಾದ್ದಿಲ್ಲ. ಅ.ನ.ಕೃ., ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿಯವರು 1940ರ ದಶಕದಿಂದ ಮುಂದಕ್ಕೆ ಕಟ್ಟಿದ ಪ್ರಗತಿಶೀಲ ಚಳವಳಿ, ಅಂದರೆ ಸಾಹಿತ್ಯವು ಸಮಾಜದ ಗಾಯಗಳನ್ನು ತೋರಿಸಬೇಕು ಮತ್ತು ಸಾಮಾನ್ಯ ಓದುಗನ ಕೈಗೆಟುಕಬೇಕು ಎಂಬ ನಿಲುವಿನ ಚಳವಳಿ, ಓದುಗರನ್ನು ಸಾವಿರಗಟ್ಟಲೆಯಾಗಿ ಸೃಷ್ಟಿಸಿತು. ಅದರ ಬೆನ್ನಿಗೇ ಬಂದ ನವ್ಯರು ವ್ಯಕ್ತಿಯ ಒಳತೋಟಿ ಮತ್ತು ಭಾಷೆಯ ಬಿಗಿಯನ್ನು ಮುಖ್ಯವಾಗಿಸಿಕೊಂಡದ್ದರಿಂದ ಅವರ ವಿಮರ್ಶೆಯ ಗಮನ ಬೇರೆ ಕಡೆಗೆ ಹರಿಯಿತು. ತ.ರಾ.ಸು. ಅವರ ಹೆಸರು ವಿದ್ವತ್ ಚರ್ಚೆಯಲ್ಲಿ ಬಂದಾಗ ‘ಕಂಬನಿಯ ಕುಯಿಲು’ವಿನಿಂದ ‘ದುರ್ಗಾಸ್ತಮಾನ’ದವರೆಗಿನ ಐತಿಹಾಸಿಕ ಕಾದಂಬರಿಗಳೇ ಮುಂದೆ ನಿಲ್ಲುತ್ತವೆ, 1984ರಲ್ಲಿ ಅವರು ತೀರಿಕೊಂಡ ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದೂ ‘ದುರ್ಗಾಸ್ತಮಾನ’ಕ್ಕೆ. ರಾಮಾಚಾರಿಯನ್ನು ಜನರ ಪಾಲಿಗೆ ಬಿಟ್ಟುಕೊಡಲಾಯಿತು. ಇದೊಂದು ನಷ್ಟ, ಏಕೆಂದರೆ ಸಿಟ್ಟಿನ ತರುಣನನ್ನೂ ಅವನ ಒಳತೋಟಿಯನ್ನೂ ಕನ್ನಡ ವಿಮರ್ಶೆ ಅಷ್ಟು ಶ್ರದ್ಧೆಯಿಂದ ಓದುತ್ತಿದ್ದ ಕಾಲದಲ್ಲೇ ಅತ್ಯಂತ ಪರಿಚಿತನಾದ ಸಿಟ್ಟಿನ ತರುಣನೊಬ್ಬನನ್ನು ಅದು ಓದದೆ ಬಿಟ್ಟಿತು.

ಇನ್ನು ಕಾದಂಬರಿಯ ನಡುಮನೆಗೆ ಬರಬಹುದು. ರಾಮಾಚಾರಿ ಮನೆಗೆ ತಲೆನೋವು, ಕಾಲೇಜಿಗೆ ಶತ್ರು, ಊರಿಗೆ ಬೇಡದವನು. ಅವನು ತಲೆಬಾಗುವುದು ಒಬ್ಬರಿಗೇ, ಚಿಕ್ಕಂದಿನಲ್ಲಿ ಅಕ್ಷರ ಕಲಿಸಿದ ಚಾಮಯ್ಯ ಮೇಷ್ಟ್ರಿಗೆ. ಅವನಿಗೆ ಅಲಮೇಲುವಿನ ಮೇಲೆ ಪ್ರೀತಿ ಮೂಡುತ್ತದೆ, ಅವಳಿಗೂ ಮೂಡುತ್ತದೆ, ಕುಲ ಬೇರೆ. ಹುಡುಗಿಯ ಮನೆಯವರು ಬೇರೆ ಗಂಡು ಗೊತ್ತುಮಾಡುತ್ತಾರೆ. ಆಗ ರಾಮಾಚಾರಿಯನ್ನು ತಡೆಯಬಲ್ಲ ಒಂದೇ ಶಕ್ತಿಯಾದ ಮೇಷ್ಟ್ರು ತಡೆಯುತ್ತಾರೆ. ಬಿಟ್ಟುಕೊಡುವುದೇ ದೊಡ್ಡತನವೆಂದು ಅವರು ಹೇಳುತ್ತಾರೆ, ಅವನು ಬಿಟ್ಟುಕೊಡುತ್ತಾನೆ. ಚಿತ್ರದಲ್ಲಿ, ಮುಂದೆ ಒಂದು ದಿನ ಅವನು ಅಲಮೇಲುವನ್ನು ಕಾಣುವುದು ಗಂಡನಿಂದಲೇ ಸೂಳೆಗಾರಿಕೆಗೆ ತಳ್ಳಲ್ಪಟ್ಟ ಹೆಣ್ಣಾಗಿ. ಅದಾದ ಮೇಲೆ, ಅವನು ಮತ್ತೆ ಪ್ರೀತಿಸಿದ ಮಾರ್ಗರೆಟ್ಟಳ ವಿಷಯದಲ್ಲಿ ಅದೇ ಮೇಷ್ಟ್ರು ಎರಡನೆಯ ಬಾರಿ, ಈ ಸಲ ಧರ್ಮಭೇದದ ಕಾರಣಕ್ಕೆ, ಅಡ್ಡ ನಿಂತಾಗ ಗುರುಶಿಷ್ಯ ಸಂಬಂಧವೇ ಬೆಟ್ಟದ ತುದಿಯಿಂದ ಉರುಳುತ್ತದೆ.

ಈ ಘಟ್ಟವನ್ನು ಕುರಿತು ಓದುಗರು ಮತ್ತು ನೋಡುಗರು ಮೊದಲಿಂದಲೂ ಇಬ್ಭಾಗವಾಗಿದ್ದಾರೆ. ಮಂಡಕ್ಕಿ-ಮಿರ್ಚಿಯ ಪೊಟ್ಟಣದ ಸುತ್ತ ಸಂಜೆಯ ಹೊತ್ತು ಕೂಡುವ ಈ ಊರಿನ ಹರಟೆಯಲ್ಲಿ ಚಾಮಯ್ಯನವರ ಹೆಸರು ಬಂದರೆ ಎರಡು ದನಿಗಳು ಏಳದೆ ಇರುವುದಿಲ್ಲ. ಮೇಷ್ಟ್ರದು ತಪ್ಪು, ಹುಡುಗನ ಬಾಳನ್ನು ಜಾತಿಗೆ ಬಲಿಕೊಟ್ಟರು ಎಂಬುದು ಒಂದು ದನಿ. ಮೇಷ್ಟ್ರು ತಮ್ಮ ಕಾಲದ ಮನುಷ್ಯ, ಹುಡುಗನ ಒಳ್ಳೆಯದಕ್ಕೇ ಹೇಳಿದರು, ಮುಂದಾಗುವುದು ಯಾರಿಗೆ ತಿಳಿದಿತ್ತು ಎಂಬುದು ಇನ್ನೊಂದು. ಎರಡೂ ಪಕ್ಷಗಳವರು ಮೇಷ್ಟ್ರನ್ನು ಪ್ರೀತಿಸುತ್ತಾರೆ. ಆ ಪ್ರೀತಿಯೇ ಜಗಳವನ್ನು ತೀರದಂತೆ ಇಟ್ಟಿರುವುದು. ಖಳನಾಗಿದ್ದರೆ ತೀರ್ಪು ಎಂದೋ ಆಗಿಬಿಡುತ್ತಿತ್ತು. ಬಡತನದಲ್ಲೂ ಬಾಗಿಲು ಮುಚ್ಚದ, ಮಕ್ಕಳಿಲ್ಲದ ಮನೆಯಲ್ಲಿ ಈ ಹುಡುಗನನ್ನೇ ಮಗನೆಂದುಕೊಂಡ, ಊರೆಲ್ಲ ದೂರಿದಾಗ ಅವನ ಪರ ನಿಂತ ಮನುಷ್ಯ ಕೊಟ್ಟ ಸಲಹೆಯೇ ವಿಷವಾದದ್ದನ್ನು ಒಪ್ಪಿಕೊಳ್ಳುವುದು ಓದುಗನಿಗೆ ಕಠಿಣ, ಏಕೆಂದರೆ ಅದನ್ನು ಒಪ್ಪಿಕೊಂಡ ಕೂಡಲೇ ತನ್ನ ಬಾಳಿನಲ್ಲಿ ಪ್ರೀತಿಯಿಂದ ಸಲಹೆ ಕೊಟ್ಟವರ ಸಾಲು ಕಣ್ಣೆದುರು ನಿಲ್ಲುತ್ತದೆ, ಅದರ ಹಿಂದೆಯೇ ತಾನು ಸಲಹೆ ಕೊಟ್ಟವರ ಸಾಲೂ ನಿಲ್ಲುತ್ತದೆ.

ಇಲ್ಲಿ ಪೇಟೆಯ ಒಂದು ಪದ್ಧತಿ ಕಾದಂಬರಿಯ ಅರ್ಥಕ್ಕೆ ನೆರವಾಗುತ್ತದೆ. ಮಂಡಿಯ ದಲಾಲನ ಕೆಲಸ ಬರಿಯ ಮಧ್ಯಸ್ಥಿಕೆಯಲ್ಲ. ಖರೀದಿದಾರ ಹಣವನ್ನು ವಾಯಿದೆಯ ಮೇಲೆ, ಅಂದರೆ ಗೊತ್ತಾದ ಅವಧಿ ಕಳೆದ ಮೇಲೆ ಕೊಡುತ್ತಾನೆ. ರೈತನಿಗಾದರೋ ಅಂದೇ ಹಣ ಬೇಕು. ಈ ನಡುವಿನ ಅಂತರವನ್ನು ದಲಾಲ ತನ್ನ ಗಂಟಿನಿಂದ ತುಂಬುತ್ತಾನೆ. ಖರೀದಿದಾರ ಕೈಯೆತ್ತಿದರೆ ನಷ್ಟ ದಲಾಲನದು, ರೈತನದಲ್ಲ. ಇದಕ್ಕಾಗಿಯೇ ಅವನಿಗೆ ಕಮಿಷನ್ನು. ರೈತ ಕಂಡಿರದ ಖರೀದಿದಾರನನ್ನು ನಂಬುವುದು ದಲಾಲನ ಮುಖ ನೋಡಿ. ದಲಾಲನೆಂದರೆ ಜಾಮೀನು, ಇನ್ನೊಬ್ಬನ ಮಾತಿಗೆ ತಾನು ಹೊಣೆ ನಿಲ್ಲುವವನು. ದಲಾಲಿಯ ಅನ್ಯಾಯಗಳು, ತೂಕದಲ್ಲಿ ಆಗುತ್ತಿದ್ದ ಮೋಸಗಳು, ರೈತನ ತಲೆಯ ಮೇಲೆ ಬೀಳುತ್ತಿದ್ದ ಬಗೆಬಗೆಯ ಕಡಿತಗಳು ಬೇರೆಯ ವಿಷಯ, ಅವನ್ನು ತಡೆಯಲೆಂದೇ ಮಾರುಕಟ್ಟೆಯ ಕಾನೂನುಗಳು ಬಂದವು. ಆದರೆ ಪದ್ಧತಿಯ ಒಳಗಿರುವ ತತ್ತ್ವ ಹೊಣೆಯದು.

ಚಾಮಯ್ಯ ಮೇಷ್ಟ್ರು ನಿಂತದ್ದು ಇಂಥದೇ ಜಾಗದಲ್ಲಿ. ಒಂದು ಕಡೆ ಸಮಾಜ, ಇನ್ನೊಂದು ಕಡೆ ಅದನ್ನು ನಂಬದ ಹುಡುಗ. ನಡುವೆ ಇಬ್ಬರಿಗೂ ಬೇಕಾದ ಮೇಷ್ಟ್ರು. ರಾಮಾಚಾರಿ ಸಮಾಜದ ಕಟ್ಟಳೆಗೆ ತಲೆಬಾಗಿ ಅಲಮೇಲುವನ್ನು ಬಿಟ್ಟುಕೊಡಲಿಲ್ಲ, ಕಟ್ಟಳೆಯ ಮೇಲೆ ಅವನಿಗೆ ಎಳ್ಳಷ್ಟೂ ಗೌರವವಿರಲಿಲ್ಲ; ಅವನು ಬಿಟ್ಟುಕೊಟ್ಟದ್ದು ಮೇಷ್ಟ್ರ ಮುಖ ನೋಡಿ. ಹಿರಿಯರು ಹುಡುಕಿದ ಗಂಡಿನೊಡನೆ, ಸ್ವಜಾತಿಯ ಮನೆಯಲ್ಲಿ, ಹೆಣ್ಣು ಸುಖವಾಗಿರುತ್ತಾಳೆ ಎಂಬ ಸಮಾಜದ ಮಾತಿಗೆ ಮೇಷ್ಟ್ರು ತಮ್ಮ ಮುಖವನ್ನು ಜಾಮೀನಾಗಿ ಇಟ್ಟರು. ಮುಂದೆ ಸಮಾಜ ಆ ಮಾತನ್ನು ಉಳಿಸಿಕೊಳ್ಳಲಿಲ್ಲ. ಮಂಡಿಯಲ್ಲಿ ಹೀಗಾದಾಗ ಜಾಮೀನು ನಿಂತವನು ಗಂಟು ಬಿಚ್ಚುತ್ತಾನೆ; ಮೇಷ್ಟ್ರ ಬಳಿ ಬಿಚ್ಚಲು ಗಂಟೇ ಇರಲಿಲ್ಲ. ಅವರಲ್ಲಿದ್ದದ್ದು ಒಳ್ಳೆಯತನ, ಪುರಾಣಗಳ ತಿಳಿವು, ತ್ಯಾಗದ ಆದರ್ಶ. ಅವುಗಳಿಂದ ಆ ಸಾಲ ತೀರುವುದಿಲ್ಲ. ಇಷ್ಟಾದ ಮೇಲೂ ಮಾರ್ಗರೆಟ್ಟಳ ವಿಷಯದಲ್ಲಿ ಅವರು ಅದೇ ಸಮಾಜದ ಪರವಾಗಿ ಮತ್ತೊಮ್ಮೆ ಜಾಮೀನು ನಿಲ್ಲಲು ಬಂದರೆಂಬುದನ್ನು ಗಮನಿಸಿದಾಗ ರಾಮಾಚಾರಿಯ ಕೊನೆಯ ಸಿಟ್ಟಿನ ಸ್ವರೂಪ ಸ್ಪಷ್ಟವಾಗುತ್ತದೆ. ಅದು ಹಾವಿನ ದ್ವೇಷವೆಂಬ ಹೋಲಿಕೆಗೆ ಪೂರ್ತಿ ಒಗ್ಗದ ಸಿಟ್ಟು. ಮೊದಲ ಬಾಕಿ ಚುಕ್ತಾ ಆಗದೆ ಎರಡನೆಯ ಉದ್ರಿ ಕೇಳಲು ಬಂದವರನ್ನು, ಅವರು ಎಷ್ಟೇ ಪೂಜ್ಯರಾಗಿರಲಿ, ಎದುರಿಸುವವನ ಸಿಟ್ಟು.

ವಯಸ್ಸಿನೊಡನೆ ಓದು ಬದಲಾಗುವುದನ್ನು ಈ ಕಾದಂಬರಿ ತೋರಿಸುವಷ್ಟು ನಿಚ್ಚಳವಾಗಿ ಬೇರೆ ಕಾದಂಬರಿಗಳು ತೋರಿಸುವುದು ಕಡಿಮೆ. ಹದಿನೆಂಟರಲ್ಲಿ ಓದಿದವನು ರಾಮಾಚಾರಿಯೇ ಆಗಿಬಿಡುತ್ತಾನೆ. ಪ್ರಾಂಶುಪಾಲರ ಮೇಲಿನ ಅವನ ಸೇಡು ನ್ಯಾಯವೆನಿಸುತ್ತದೆ, ಅಪ್ಪನ ಬೈಗುಳ ಅನ್ಯಾಯವೆನಿಸುತ್ತದೆ. ಅವನೇ ಮೂವತ್ತೈದರ ಹೊತ್ತಿಗೆ, ಮಗುವನ್ನು ಶಾಲೆಗೆ ಬಿಟ್ಟು ಅಂಗಡಿಯ ಬಾಗಿಲು ತೆರೆಯುವ ಕಾಲಕ್ಕೆ, ಮತ್ತೆ ಪುಸ್ತಕ ಹಿಡಿದರೆ ಆ ಸೇಡಿನ ಪುಟದಲ್ಲಿ ಕಂಬಕ್ಕೆ ಕಟ್ಟಲ್ಪಟ್ಟ ಆ ವೃದ್ಧ ಪ್ರಾಂಶುಪಾಲರ ನಾಚಿಕೆ ಕಾಣತೊಡಗುತ್ತದೆ. ಐವತ್ತು ದಾಟಿದ ಮೇಲೆ ಓದಿದವನಿಗೆ ಮೇಷ್ಟ್ರ ಮನೆಯ ದೀಪವೇ ಕಥೆಯ ಕೇಂದ್ರವಾಗುತ್ತದೆ. 1972ರಲ್ಲಿ ಗ್ಯಾಲರಿಯ ಬೆಂಚಿನ ಮೇಲೆ ಕುಳಿತು ಶಿಳ್ಳೆ ಹೊಡೆದ ತಲೆಮಾರು 2018ರಲ್ಲಿ ಮೊಮ್ಮಕ್ಕಳೊಡನೆ ಅದೇ ಚಿತ್ರಕ್ಕೆ ಹೋದಾಗ ಚಾಮಯ್ಯನವರ ಪಾತ್ರಕ್ಕೆ ಕಣ್ಣೊರೆಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಹಿರಿಯ ವಯಸ್ಸಿನ ಓದೇ ಪಕ್ವವಾದ ಓದೆಂದು ತೀರ್ಮಾನಿಸುವುದು ತಪ್ಪು. ಹದಿನೆಂಟರ ಓದುಗನಿಗೆ ಕಾಣುವ ಒಂದು ಸತ್ಯ, ಅಂದರೆ ಪ್ರೀತಿಯ ಹೆಸರಿನಲ್ಲಿ ತನ್ನಿಂದ ಏನನ್ನೋ ಕಸಿಯಲಾಗುತ್ತಿದೆಯೆಂಬ ಸತ್ಯ, ಐವತ್ತರ ಓದುಗನಿಗೆ ಮಸುಕಾಗುತ್ತದೆ, ಏಕೆಂದರೆ ಅಷ್ಟರಲ್ಲಿ ಅವನೂ ಯಾರಿಂದಲೋ ಏನನ್ನೋ ಪ್ರೀತಿಯಿಂದಲೇ ಕಸಿದಿರುತ್ತಾನೆ.

ಹರಿಹರದ ಓದುಗರಿಗೆ ಇನ್ನೊಂದು ಸಂಗತಿಯೂ ಹೊಳೆಯಬಹುದು. 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಒಂದೇ ವಿಗ್ರಹದ ಅರ್ಧ ಹರಿ, ಅರ್ಧ ಹರ. ಶೈವ-ವೈಷ್ಣವ ಕಲಹದ ಕಾವನ್ನು ಬಲ್ಲ ಸಮಾಜವೊಂದು ಎರಡು ದೇವರನ್ನು ಒಂದೇ ಮೈಯಲ್ಲಿ ನಿಲ್ಲಿಸುವ ಧೈರ್ಯ ತೋರಿತು. ತ.ರಾ.ಸು. ಅವರ ತಂದೆ ವಕೀಲಿ ಮಾಡಿದ ಊರು ಅದು. ದೇವರ ಮೈಯಲ್ಲಿ ಎಂಟು ಶತಮಾನಗಳ ಹಿಂದೆಯೇ ಸಾಧ್ಯವಾದ ಕೂಡುವಿಕೆ ಮನುಷ್ಯರ ಮನೆಗಳಲ್ಲಿ ಏಕೆ ಸಾಧ್ಯವಾಗಲಿಲ್ಲವೆಂಬ ಪ್ರಶ್ನೆಯನ್ನು ಕಾದಂಬರಿ ಈ ಮಾತಿನಲ್ಲಿ ಎತ್ತುವುದಿಲ್ಲ. ಆದರೂ ಆ ಗುಡಿಯ ಮುಂದೆ ಹಾದು ಶಾಲೆಗೋ ಕಾರ್ಖಾನೆಗೋ ಹೋಗುವವನು ರಾಮಾಚಾರಿಯ ಕಥೆಯನ್ನು ಓದಿದ್ದರೆ ಆ ಪ್ರಶ್ನೆ ತಾನಾಗಿ ಏಳುತ್ತದೆ.

ಇದುವರೆಗೆ ಹೇಳಿದ ಪ್ರತಿಕ್ರಿಯೆಗಳೆಲ್ಲ ಬಹುಪಾಲು ಗಂಡಸರವು. ರಾಮಾಚಾರಿಯ ಪಕ್ಷವೋ ಮೇಷ್ಟ್ರ ಪಕ್ಷವೋ ಎಂಬ ವ್ಯಾಜ್ಯವೇ ಗಂಡಸರಿಬ್ಬರ ನಡುವಿನದು. ಹೆಣ್ಣುಮಕ್ಕಳ ಓದು ಬೇರೆ ಕಡೆಯಿಂದ ಬರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಬಾಡಿಗೆಯ ಕಾದಂಬರಿಗಳನ್ನು ಓದಿ ಕನ್ನಡ ಕಾದಂಬರಿಯ ಮಾರುಕಟ್ಟೆಯನ್ನು ದಶಕಗಳ ಕಾಲ ಎತ್ತಿಹಿಡಿದವರಲ್ಲಿ ಅವರೇ ಹೆಚ್ಚಿನವರಿದ್ದರು. ಆದರೆ ಅವರ ಅಭಿಪ್ರಾಯ ಜಗಲಿಯ ಹರಟೆಗೆ ಬಂದದ್ದು ಅಪರೂಪ. ಅವರು ಕೇಳುವ ಪ್ರಶ್ನೆ ಸರಳ. ತ್ಯಾಗ ಮಾಡೆಂದು ಮೇಷ್ಟ್ರು ಹೇಳಿದರು, ಶಿಷ್ಯ ಮಾಡಿದ. ಅವನು ತ್ಯಾಗ ಮಾಡಿದ್ದು ಏನನ್ನು? ತನ್ನ ಆಸೆಯನ್ನು ಬಿಟ್ಟಿದ್ದರೆ ಅದು ತ್ಯಾಗ. ಇನ್ನೊಬ್ಬಳ ಬಾಳನ್ನು, ಅವಳನ್ನು ಕೇಳದೆ, ಬಿಟ್ಟುಕೊಡುವುದು ಯಾವ ಲೆಕ್ಕದಲ್ಲಿ ತ್ಯಾಗವಾಗುತ್ತದೆ? ಗುರುಭಕ್ತಿಯ ಪರಾಕಾಷ್ಠೆಯೆಂದು ಗಂಡಸರು ಮೆಚ್ಚಿ ನೆನೆಯುವ ಗಳಿಗೆಯಲ್ಲಿ ಅಲಮೇಲು ಆ ಮಾತುಕತೆಯ ಸ್ಥಳದಲ್ಲಿಯೇ ಇಲ್ಲ. ಅವಳು ಅವನಿಗಾಗಿ ಕಾದಿದ್ದಳು, ಅವನು ಬರುತ್ತಾನೆಂದು ನಂಬಿದ್ದಳು. ಅವನು ಬಾರದಿರಲು ಕಾರಣವಾದ ಮಾತು ಯಾರ ನಡುವೆ, ಯಾವ ಷರತ್ತಿನ ಮೇಲೆ ನಡೆಯಿತೆಂದು ಅವಳಿಗೆ ತಿಳಿಸಿದವರಿಲ್ಲ.

ಬೆಳವಣಿಗೆಯ ಕಾದಂಬರಿ ಎಂಬ ಪ್ರಕಾರವನ್ನೇ ಈ ಪ್ರಶ್ನೆ ಅಲುಗಿಸುತ್ತದೆ. ಗಂಡುಹುಡುಗನೊಬ್ಬ ಬೆಳೆಯುವ ದಾರಿಯಲ್ಲಿ ಎದುರಾಗುವ ಹೆಣ್ಣುಗಳನ್ನು ಆ ಪ್ರಕಾರ ಮೊದಲಿನಿಂದಲೂ ಅವನ ಪಾಠಗಳೆಂದು ಎಣಿಸಿದೆ. ಒಬ್ಬಳಿಂದ ಆಸೆ ಕಲಿಯುತ್ತಾನೆ, ಒಬ್ಬಳಿಂದ ನಿರಾಸೆ ಕಲಿಯುತ್ತಾನೆ, ಪಾಠ ಮುಗಿದ ಮೇಲೆ ಅವರು ಕಥೆಯಿಂದ ಸರಿಯುತ್ತಾರೆ. ತ.ರಾ.ಸು. ಅವರ ಸರಣಿಯ ಎರಡನೆಯ ಪುಸ್ತಕದ ಹೆಸರೂ ಗಂಡನ್ನು ಮೊದಲಿಟ್ಟು ಹೆಣ್ಣುಗಳನ್ನು ಎಣಿಸುತ್ತದೆ. ಆದರೆ ಈ ಕಥೆಯಲ್ಲಿ ಅಲಮೇಲು ಸರಿದುಹೋಗುವುದಿಲ್ಲ, ತಿರುಗಿ ಬರುತ್ತಾಳೆ, ಮತ್ತು ಬಂದಾಗ ಮೇಷ್ಟ್ರ ವಿವೇಕವನ್ನೂ ಶಿಷ್ಯನ ಭಕ್ತಿಯನ್ನೂ ಒಟ್ಟಿಗೇ ಸುಳ್ಳಾಗಿಸುವ ಸ್ಥಿತಿಯಲ್ಲಿ ಬಂದಿರುತ್ತಾಳೆ. ಮೇಷ್ಟ್ರ ಮೇಲಿನ ರಾಮಾಚಾರಿಯ ಸಿಟ್ಟು ಇಲ್ಲಿ ಹೊತ್ತಿಕೊಳ್ಳುತ್ತದೆ, ಓದುಗರ ಕಣ್ಣೀರೂ ಇಲ್ಲೇ ಹರಿಯುತ್ತದೆ. ಆ ಕಣ್ಣೀರಿನಲ್ಲಿ ಎಷ್ಟು ಪಾಲು ಅವಳಿಗೆ, ಎಷ್ಟು ಪಾಲು ಅವಳನ್ನು ಕಂಡು ನೊಂದ ನಾಯಕನಿಗೆ ಎಂದು ಕೇಳಿದ ವಿಮರ್ಶೆ ಇನ್ನೂ ಸಾಕಷ್ಟು ಬಂದಿಲ್ಲ.

ಮಂಡಿಯ ಖಾತೆಪುಸ್ತಕದಲ್ಲಿ ಪ್ರತಿ ವ್ಯವಹಾರಕ್ಕೂ ಕೊಟ್ಟವನ ಹೆಸರು, ಕೊಂಡವನ ಹೆಸರು, ನಡುವೆ ನಿಂತವನ ಹೆಸರು ಇರುತ್ತವೆ. ಮಾಲಿನ ತೂಕ, ದರ, ವಾಯಿದೆ ಇರುತ್ತವೆ. ವ್ಯವಹಾರ ಕೆಟ್ಟಾಗ ಈ ಮೂವರಲ್ಲಿ ಒಬ್ಬರು ನಷ್ಟ ಹೊರುತ್ತಾರೆ, ಯಾರೆಂಬುದರ ಬಗ್ಗೆ ಜಗಳವಾಗುತ್ತದೆ, ಪಂಚಾಯ್ತಿಯಾಗುತ್ತದೆ. ಚಾಮಯ್ಯ ಮೇಷ್ಟ್ರು ನಿಂತ ಜಾಮೀನಿನ ಬಗ್ಗೆಯೂ ಓದುಗರು ಇಷ್ಟು ವರ್ಷ ಇಂಥದೇ ಪಂಚಾಯ್ತಿಯನ್ನು ಶ್ರದ್ಧೆಯಿಂದ ನಡೆಸುತ್ತ ಬಂದಿದ್ದಾರೆ, ಹೊಣೆ ಗುರುವಿನದೋ ಶಿಷ್ಯನದೋ ಸಮಾಜದ್ದೋ ಎಂದು. ನಷ್ಟವನ್ನು ನಿಜವಾಗಿ ತೆತ್ತವಳು ಅಲಮೇಲು. ಆ ವ್ಯವಹಾರದ ಪುಟದಲ್ಲಿ ಅವಳ ಹೆಸರು ಬರೆದಿದ್ದದ್ದು ಮಾಲಿನ ಕಾಲಮ್ಮಿನಲ್ಲಿ.